ನೇತ್ರಾವತಿಯ ದಡವೂ ಝೋನ್ ಬಿ, ಮೂಡುಬಿದಿರೆಯ ಗುಡ್ಡವೂ ಝೋನ್ ಬಿ

ಒಂದು ಪ್ರಶ್ನೆಯಿಂದ ಶುರು ಮಾಡೋಣ ವೀಕ್ಷಕರೇ. ಬಂಟ್ವಾಳದ ಹಳೆ ಪೇಟೆಯಲ್ಲಿ ನೇತ್ರಾವತಿಗೆ ಬೆನ್ನು ಕೊಟ್ಟು ನಿಂತ ಒಂದು ಮನೆ ಇದೆ ಅಂದುಕೊಳ್ಳಿ. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ದಾಟಿ ಸ್ವಲ್ಪ ಎತ್ತರಕ್ಕೆ ಹೋದರೆ ಇನ್ನೊಂದು ಮನೆ. ಎರಡೂ ಮನೆಯ ಅಂಗಳದಲ್ಲಿ ಒಂದೇ ಕಂಪನಿಯ, ಒಂದೇ ವರ್ಷದ ಕಾರು. ಆಗಸ್ಟ್ ತಿಂಗಳ ಮಳೆಗೆ ಮುಳುಗುವ ಕಾರು ಯಾವುದು? ಎಲ್‌ಕೆಜಿ ಮಗು ಕೂಡ ಹೇಳುತ್ತೆ. ಈಗ ಎರಡನೇ ಪ್ರಶ್ನೆ. ವಿಮೆಯ ಪ್ರೀಮಿಯಂ ಯಾರಿಗೆ ಜಾಸ್ತಿ?

ದೇಶದ ಮೋಟಾರು ವಿಮಾ ದರಪಟ್ಟಿ ಕೊಟ್ಟ ಉತ್ತರ: ಇಬ್ಬರಿಗೂ ಒಂದೇ.

2002ರಲ್ಲಿ ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್ ಖಾಸಗಿ ಕಾರು ಮತ್ತು ದ್ವಿಚಕ್ರ ವಾಹನಗಳ ಮಟ್ಟಿಗೆ ಇಡೀ ಭಾರತವನ್ನು ಎರಡೇ ಎರಡು ಭಾಗ ಮಾಡಿತು. ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತ, ಹೈದರಾಬಾದ್, ಪುಣೆ, ಅಹಮದಾಬಾದ್, ಈ ಎಂಟು ಊರು ಝೋನ್ ಎ. ಮಿಕ್ಕಿದ್ದೆಲ್ಲ ಝೋನ್ ಬಿ. ರಾಜಸ್ಥಾನದ ಮರಳುಗಾಡು ಝೋನ್ ಬಿ, ಚಾರ್ಮಾಡಿ ಘಾಟಿಯ ಬುಡ ಝೋನ್ ಬಿ, ಪಾಣೆಮಂಗಳೂರಿನ ಹೊಳೆಬದಿಯೂ ಝೋನ್ ಬಿ. ಐದು ವರ್ಷದೊಳಗಿನ, ಸಾವಿರ ಸಿಸಿ ಒಳಗಿನ ಕಾರಿಗೆ ಝೋನ್ ಎ ದರ ಶೇ. 3.127. ಝೋನ್ ಬಿ ದರ ಶೇ. 3.039. ಐದು ಲಕ್ಷದ ಕಾರಿಗೆ ಲೆಕ್ಕ ಹಾಕಿ ನೋಡಿ. ಅಲ್ಲಿ 15,635 ರೂಪಾಯಿ, ಇಲ್ಲಿ 15,195. ಅಂದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೂ ಮೂಡುಬಿದಿರೆಯ ಹನುಮಾನ್ ದೇವಸ್ಥಾನದ ರಸ್ತೆಗೂ ಇರುವ ಅಪಾಯದ ವ್ಯತ್ಯಾಸ ವರ್ಷಕ್ಕೆ 440 ರೂಪಾಯಿ!

ಇನ್ನೊಂದು ತಮಾಷೆ ಕೇಳಿ. ಝೋನ್ ತೀರ್ಮಾನವಾಗುವುದು ಗಾಡಿ ಎಲ್ಲಿ ನೋಂದಣಿಯಾಗಿದೆ ಎಂಬುದರ ಮೇಲೆ. ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಲ್ಲ. ಮೇ ತಿಂಗಳಲ್ಲಿ ತುಳುನಾಡಿನ ತುಂಬಾ ಓಡಾಡುವ ಮುಂಬಯಿ ನಂಬರಿನ ಕಾರುಗಳು, ಮದುವೆ, ನೇಮ, ಗೃಹಪ್ರವೇಶ ಅಂತ ತಿಂಗಳುಗಟ್ಟಲೆ ಊರಿನ ಮನೆಯ ಮಾವಿನ ಮರದಡಿ ನಿಂತರೂ ಅವು ಝೋನ್ ಎ ಗಾಡಿಗಳೇ.

ಈ ವಿಚಿತ್ರ ಹೇಗೆ ಬಂತು? ಅದಕ್ಕೆ ಸ್ವಲ್ಪ ಇತಿಹಾಸ ಬೇಕು.

1666ರಲ್ಲಿ ಲಂಡನ್ ನಗರ ಹೊತ್ತಿ ಉರಿಯಿತು. ಅದಾದ ಕೆಲವು ವರ್ಷಗಳಿಗೆ ನಿಕೊಲಸ್ ಬಾರ್ಬನ್ ಎಂಬ ಮನುಷ್ಯ ಮನೆಗಳಿಗೆ ಬೆಂಕಿ ವಿಮೆ ಮಾರತೊಡಗಿದ. ಅವನ ಲೆಕ್ಕ ಸರಳ. ಇಟ್ಟಿಗೆ ಮನೆಗೆ ವರ್ಷದ ಬಾಡಿಗೆ ಮೌಲ್ಯದ ಶೇ. 2.5, ಮರದ ಮನೆಗೆ ಶೇ. 5. ಮರದ ಮನೆ ಬೇಗ ಸುಡುತ್ತೆ, ಹಾಗಾಗಿ ಡಬಲ್. ವಿಮೆ ಎಂಬ ವ್ಯವಹಾರದ ಹೊಟ್ಟೆಯಲ್ಲಿ ಇರುವುದು ಇದೊಂದೇ ತರ್ಕ. ಅಪಾಯ ಎಷ್ಟೋ ಬೆಲೆ ಅಷ್ಟು.

ನಮ್ಮ ಕರಾವಳಿಯಲ್ಲಿ ಆ ತರ್ಕ ವಿಮೆ ಇಲ್ಲದೆಯೇ ಕೆಲಸ ಮಾಡಿತು. ಮುಳಿಹುಲ್ಲಿನ ಮಾಡು ಇದ್ದ ಕಾಲದಲ್ಲಿ ಬೇಸಿಗೆ ಅಂದರೆ ಬೆಂಕಿಯ ಭಯ. ಒಂದು ಮನೆಗೆ ಕಿಡಿ ಬಿದ್ದರೆ ಗಾಳಿ ಬೀಸಿದ ದಿಕ್ಕಿನ ಮನೆಗಳಿಗೂ ಗಂಡಾಂತರ. 1860ರ ದಶಕದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಕೆಂಪು ಹಂಚು ಒಂದೊಂದೇ ಊರು ದಾಟಿ ಒಳನಾಡಿನ ಮನೆಗಳ ಮೇಲೆ ಏರಿತು. ನನ್ನ ಪ್ರಕಾರ ಈ ಜಿಲ್ಲೆ ಕಂಡ ಅತ್ಯುತ್ತಮ ಬೆಂಕಿ ವಿಮೆ ಅಂದರೆ ಮಂಗಳೂರು ಹಂಚು. ಪ್ರೀಮಿಯಂ ಒಂದೇ ಸಲ, ಕ್ಲೇಮಿಗೆ ಅಲೆದಾಟ ಇಲ್ಲ.

ಆದರೆ ನೀರಿಗೆ ಹಂಚು ಏನು ಮಾಡೀತು?

ಬಂಟ್ವಾಳ ಬೆಳೆದದ್ದೇ ಹೊಳೆಯಿಂದ. ಘಟ್ಟದ ಮೇಲಿನ ಸರಕು ಇಲ್ಲಿಗೆ ಇಳಿದು, ಇಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ವ್ಯಾಪಾರಿಗೆ ದೋಣಿ ಹತ್ತಿರ ಇರಬೇಕು. ಹಾಗಾಗಿ ಅಂಗಡಿಯೂ ಮನೆಯೂ ನೀರಿನ ಪಕ್ಕದಲ್ಲೇ ಎದ್ದವು. ಲಾಭ ತಂದ ಹೊಳೆಯೇ ಅಪಾಯವನ್ನೂ ತಂದಿತು. 1923ರ ನೆರೆಯನ್ನು ಇವತ್ತಿಗೂ ತುಳುವಿನಲ್ಲಿ ಮಾರಿಬೊಳ್ಳ ಅನ್ನುತ್ತಾರೆ. ಬೊಳ್ಳ ಅಂದರೆ ನೆರೆ, ಮಾರಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಮತ್ತೆ 1974ರಲ್ಲಿ ಬಂತು. 2019ರ ಆಗಸ್ಟಿನಲ್ಲಿ ನೇತ್ರಾವತಿ ಬಂಟ್ವಾಳದ ಅಪಾಯದ ಮಟ್ಟವಾದ 8.5 ಮೀಟರನ್ನು ದಾಟಿ ಬಹಳ ಮೇಲೆ ಹೋಯಿತು. ಅದೇ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮುಂಡಾಜೆ, ದಿಡುಪೆ, ಕುಕ್ಕಾವು ಕಡೆ ಗುಡ್ಡ ಜರಿದು, ಮರದ ದಿಮ್ಮಿಗಳ ಸಮೇತ ಕೆಸರುನೀರು ಅಡಿಕೆ ತೋಟಕ್ಕೆ, ಮನೆಗೆ ನುಗ್ಗಿತು. ಚಾರ್ಮಾಡಿ ಘಾಟಿ ಬಂದ್ ಆಯಿತು. ಸರಿಸುಮಾರು ನೂರು ವರ್ಷದಲ್ಲಿ ಒಂದೇ ಹೊಳೆಗೆ ಮೂರು ದೊಡ್ಡ ನೆರೆ. ಬಾರ್ಬನ್ ಬದುಕಿದ್ದರೆ ಈ ದಡದ ಮನೆಗೆ ಎಷ್ಟು ಪಟ್ಟು ಕೇಳುತ್ತಿದ್ದನೋ!

ಈಗ ರಸ್ತೆಗೆ ಬರೋಣ. ಜಿಲ್ಲೆಯ ಮೋಟಾರು ಸಾರಿಗೆಯ ಕಥೆ 1914ರ ಸುಮಾರಿಗೆ ಮಂಗಳೂರು–ಬಂಟ್ವಾಳ ದಾರಿಯಲ್ಲಿ ಓಡಿದ ಬಸ್ಸಿನಿಂದ ಶುರುವಾಗುತ್ತದೆ. ಆಗ ವಿಮೆಯ ಕಾನೂನು ಇರಲಿಲ್ಲ. ಬಸ್ಸು ಯಾರಿಗಾದರೂ ಗುದ್ದಿದರೆ ಮಾಲಕನ ಮೇಲೆ ದಾವೆ ಹೂಡಬೇಕು. ಗೆದ್ದರೂ ಅವನ ಕೈಯಲ್ಲಿ ಕಾಸಿಲ್ಲದಿದ್ದರೆ ತೀರ್ಪಿನ ಕಾಗದ ಇಟ್ಟುಕೊಂಡು ಕೂರಬೇಕು. ಬ್ರಿಟನ್ 1930ರ ಕಾಯ್ದೆಯಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿತು. ಅದನ್ನೇ ನೋಡಿಕೊಂಡು ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಅಷ್ಟರಲ್ಲಿ ಮಹಾಯುದ್ಧ. ಕಾಯ್ದೆಯ ವಿಮಾ ಅಧ್ಯಾಯ ಜಾರಿಯಾಗಲು 1946ರ ಜುಲೈ 1ರವರೆಗೆ ಕಾಯಬೇಕಾಯಿತು. ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಮೊದಲು, ರಸ್ತೆಯಲ್ಲಿ ನಡೆದು ಹೋಗುವ ಬಡವನಿಗೆ ಸಿಕ್ಕ ಹಕ್ಕು ಇದು. ನಾವು ಅದನ್ನು ಎಲ್ಲೂ ಸ್ಮರಿಸುವುದಿಲ್ಲ. ಪೊಲೀಸರು ಕೈ ಅಡ್ಡ ಹಾಕಿದಾಗ ಮಾತ್ರ ನೆನಪಾಗುತ್ತದೆ.

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು. ದೇಶದಲ್ಲಿದ್ದ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ಕರಗಿದವು. ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ. ಸರ್ಕಾರಿ ಕಂಪನಿ ಅಂದಮೇಲೆ ದರ ದೇಶಕ್ಕೆಲ್ಲ ಒಂದೇ. ಊರೂರಿನ ಹೊಳೆ, ಗುಡ್ಡ, ತಿರುವು ನೋಡಿ ದರ ಹಾಕುವ ವ್ಯವಧಾನ ಯಾರಿಗೂ ಇರಲಿಲ್ಲ. ಝೋನ್ ಎ, ಝೋನ್ ಬಿ ಹುಟ್ಟಿದ್ದು ಈ ಮನಸ್ಥಿತಿಯಲ್ಲಿ. ತಪ್ಪು ಅಂತ ನಾನು ಹೇಳೋದಿಲ್ಲ. ಹೊಳೆಬದಿಯವನಿಗೆ ಗುಡ್ಡದ ಮೇಲಿನವನಷ್ಟೇ ದರ ಅಂದರೆ ಅದರಲ್ಲಿ ಒಂದು ಕರುಣೆಯೂ ಇದೆ. ಗುಡ್ಡದವನು ಕೊಟ್ಟ ದುಡ್ಡಲ್ಲಿ ಹೊಳೆಬದಿಯವನ ಕಾರು ರಿಪೇರಿ ಆಗುತ್ತದೆ. ಊರು ಅಂದರೆ ಅದೇ ಅಲ್ಲವೇ?

ಊರಿನ ನಿಜವಾದ ಅಪಾಯ ದರಪಟ್ಟಿಯಲ್ಲಿ ಕಾಣದಿದ್ದರೂ ಬೇರೆ ಬಾಗಿಲಿನಿಂದ ಮನೆಗೆ ನುಗ್ಗುತ್ತಿತ್ತು. ಅದನ್ನು ನೋಡಬೇಕಾದರೆ ಬೆಳ್ತಂಗಡಿಯ ಜೀಪುಗಳನ್ನು ನೋಡಬೇಕು.

ಘಟ್ಟದ ಬುಡದ ಹಳ್ಳಿಗಳಿಗೆ ಬಸ್ಸು ಹೋಗದ ಕಾಲ. ಕಾಲುದಾರಿಗಿಂತ ಸ್ವಲ್ಪ ಅಗಲದ ಮಣ್ಣಿನ ರಸ್ತೆ, ಅದರಲ್ಲಿ ಸರ್ವಿಸ್ ಜೀಪು. ಒಳಗೆ ಕೂತವರೆಷ್ಟೋ ಹಿಂದೆ ನೇತಾಡುವವರೂ ಅಷ್ಟೇ. ಆಮೇಲೆ 1980ರ ದಶಕದಲ್ಲಿ ಮಾರುತಿ ಓಮ್ನಿ ಬಂತು. ಎಷ್ಟೋ ಕಡೆ ಬಿಳಿ ಬೋರ್ಡಿನ ಓಮ್ನಿಯೇ ಬಾಡಿಗೆಗೂ ಹೋಯಿತು. ಆಸ್ಪತ್ರೆಗೂ ಅದೇ, ಮದುವೆಗೂ ಅದೇ. ಅಡಿಕೆ, ಮುರಕಲ್ಲು ಸಾಗಿಸುವ ಪಿಕಪ್ಪಿನಲ್ಲಿ ಜನ ಹತ್ತಿಕೊಂಡು ಜಾತ್ರೆಗೆ, ಕಂಬಳಕ್ಕೆ ಹೋದರು. ಈಗಲೂ ಹೋಗುತ್ತಾರೆ.

ಇಲ್ಲಿದೆ ವೀಕ್ಷಕರೇ ಅಸಲಿ ವಿಷಯ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಎಂಬ ಷರತ್ತು ಅಚ್ಚಾಗಿರುತ್ತದೆ. ಸರಕು ಗಾಡಿಯ ವಿಷಯ ಇನ್ನೂ ಕಠಿಣ. 1994ರ ತಿದ್ದುಪಡಿಯ ನಂತರ ಸರಕಿನ ಮಾಲಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗುತ್ತಿದ್ದರೆ ರಕ್ಷಣೆ ಉಂಟು. ಸುಮ್ಮನೆ ಹತ್ತಿಕೊಂಡವರಿಗೆ? 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕರ ಹೊಣೆ ವಿಮಾ ಕಂಪನಿಗೆ ಇಲ್ಲ. ಹಾಗಾದರೆ ಪರಿಹಾರ ಯಾರು ಕೊಡಬೇಕು? ಗಾಡಿಯ ಮಾಲಕ. ಮಾಲಕ ಅಂದರೆ ಯಾರು? ಸೊಸೈಟಿ ಸಾಲ ಮಾಡಿ ಪಿಕಪ್ ತೆಗೆದುಕೊಂಡ ನಮ್ಮದೇ ಊರಿನ ಹುಡುಗ. ಕೆಲವು ಪ್ರಕರಣಗಳಲ್ಲಿ ಕೋರ್ಟು, ಕಂಪನಿ ಮೊದಲು ಸಂತ್ರಸ್ತರಿಗೆ ಕೊಡಲಿ, ಆಮೇಲೆ ಮಾಲಕನಿಂದ ವಸೂಲು ಮಾಡಿಕೊಳ್ಳಲಿ ಅನ್ನುತ್ತದೆ. ಸತ್ತವರ ಮನೆಗೆ ಅದು ನ್ಯಾಯ. ಮಾಲಕನ ಮನೆಗೆ ಹತ್ತು ಹದಿನೈದು ಲಕ್ಷದ ನೋಟಿಸ್. ಆರ್‌ಟಿಸಿ ಯಾರ ಹೆಸರಲ್ಲಿದೆ ಅಂತ ಹುಡುಕುವುದು ಆಗಲೇ.

ಬಸ್ಸು ಬಾರದ ಊರಿನಲ್ಲಿ ಹುಟ್ಟಿದ್ದಕ್ಕೆ ಕಟ್ಟುವ ಪ್ರೀಮಿಯಂ ಇದು. ಯಾವ ಝೋನಿನ ಪಟ್ಟಿಯಲ್ಲೂ ಬರೆದಿಲ್ಲ.

ಮೂಡುಬಿದಿರೆಗೆ ಈ ಕಷ್ಟ ಕಡಿಮೆ ಇತ್ತು. ಮಂಗಳೂರು–ಕಾರ್ಕಳ ದಾರಿಯಲ್ಲಿರುವ ಊರು, ಖಾಸಗಿ ಬಸ್ಸುಗಳ ಸಾಮ್ರಾಜ್ಯ. ನಿಮಿಷಕ್ಕೊಂದು ಬಸ್ಸು ಅಂದರೆ ಉತ್ಪ್ರೇಕ್ಷೆಯಾದೀತು, ಆದರೆ ಕೈ ಅಡ್ಡ ಹಿಡಿದರೆ ನಿಲ್ಲುತ್ತಿತ್ತು. ಮನೆಗೆ ಸ್ವಂತ ಗಾಡಿ ಬೇಕೇ ಬೇಕು ಅನ್ನುವ ಸ್ಥಿತಿ ಇರಲಿಲ್ಲ. ಆಮೇಲೆ ಕಾಲೇಜುಗಳು ಬೆಳೆದವು, ಊರಿಗೆ ಸಾವಿರಾರು ವಿದ್ಯಾರ್ಥಿಗಳು ಬಂದರು, ಗಲ್ಫಿನ ದುಡ್ಡು, ಮುಂಬಯಿ ದುಡ್ಡು ಬಂತು, ಹೆದ್ದಾರಿ ಅಗಲ ಆಗತೊಡಗಿತು. ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವುದೇ ಗಾಡಿ ನಿಲ್ಲಿಸಲು.

ಗಾಡಿ ಬದಲಾದರೆ ಮನೆಯ ವಿಮಾ ಲೆಕ್ಕ ಹೇಗೆ ಬದಲಾಗುತ್ತದೆ? ಥರ್ಡ್ ಪಾರ್ಟಿ ದರವನ್ನು ಮಾತ್ರ ನೋಡೋಣ, ಯಾಕಂದ್ರೆ ಅದನ್ನು ನಿಗದಿ ಮಾಡುವುದು ಸರ್ಕಾರ, ಎಲ್ಲ ಕಂಪನಿಯಲ್ಲೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿ ನನ್ನ ಮುಂದಿದೆ. ಒಂದು ಮನೆಯಲ್ಲಿ ಆಲ್ಟೊ ಕಾರು, ಒಂದು ಆಕ್ಟಿವಾ, ಒಂದು ಸ್ಪ್ಲೆಂಡರ್ ಇದೆ. ಸಾವಿರ ಸಿಸಿ ಒಳಗಿನ ಕಾರಿಗೆ 2,094. 75ರಿಂದ 150 ಸಿಸಿಯ ದ್ವಿಚಕ್ರಕ್ಕೆ ತಲಾ 714. ಒಟ್ಟು 3,522 ರೂಪಾಯಿ. ಮಗ ಕೆಲಸಕ್ಕೆ ಸೇರಿದ. ಆಲ್ಟೊ ಹೋಯಿತು, 1,497 ಸಿಸಿಯ ಎಸ್‌ಯುವಿ ಬಂತು, ಅದಕ್ಕೆ 3,416. ಸ್ಪ್ಲೆಂಡರ್ ಜಾಗಕ್ಕೆ 349 ಸಿಸಿಯ ಬುಲೆಟ್, ಅದಕ್ಕೆ 1,366. ಆಕ್ಟಿವಾ ಕೊಟ್ಟು ಅಮ್ಮನಿಗೆ ಎಲೆಕ್ಟ್ರಿಕ್ ಸ್ಕೂಟರ್ ತಂದರು, 3ರಿಂದ 7 ಕಿಲೋವ್ಯಾಟ್ ವರ್ಗದ್ದು, ಅದಕ್ಕೆ 607. ಒಟ್ಟು 5,389. ಜಿಎಸ್‌ಟಿ ಬೇರೆ. ಮೂರು ಗಾಡಿ ಇದ್ದದ್ದು ಮೂರೇ, ಓಡುವ ರಸ್ತೆ ಅದೇ, ಹೆಚ್ಚಾದದ್ದು 1,867 ರೂಪಾಯಿ. ಇಡೀ ಮನೆಯಲ್ಲಿ ಪ್ರೀಮಿಯಂ ಇಳಿಸಿದ್ದು ಅಮ್ಮನ ಸ್ಕೂಟರ್ ಒಂದೇ. ಎಲೆಕ್ಟ್ರಿಕ್ ವಾಹನಕ್ಕೆ ಸರ್ಕಾರ ಶೇ. 15ರಷ್ಟು ರಿಯಾಯಿತಿ ಕೊಟ್ಟಿದೆ.

ಅಂದಹಾಗೆ ಅದೇ ಪಟ್ಟಿಯಲ್ಲಿ ವಿಂಟೇಜ್ ಕಾರಿಗೆ ಶೇ. 50 ರಿಯಾಯಿತಿ ಇದೆ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದವರಿಗೆ ಇದು ಖುಷಿ ಕೊಡಬಹುದು. ನಿಮ್ಮ ಮನೆಯ ಹಳೇ ಓಮ್ನಿ ವಿಂಟೇಜ್ ಆಗಲಿಕ್ಕೆ ಇನ್ನೂ ಟೈಮ್ ಇದೆ, ಆಸೆ ಪಡಬೇಡಿ.

ಥರ್ಡ್ ಪಾರ್ಟಿ ಸಣ್ಣ ಮೊತ್ತ. ದೊಡ್ಡ ಮೊತ್ತ ಇರುವುದು ನಮ್ಮ ಗಾಡಿಗೆ ಆಗುವ ಹಾನಿಯ ವಿಮೆಯಲ್ಲಿ. ಆ ದರದ ಕಟ್ಟು 2007ರ ಜನವರಿ 1ರಂದು ಬಿಚ್ಚಿತು. ಅಂದಿನಿಂದ ಕಂಪನಿಗಳು ತಮಗೆ ಬೇಕಾದಂತೆ ದರ ಹಾಕಬಹುದು. ಮಾಡೆಲ್ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಯಾವ ಆರ್‌ಟಿಒ ಅಂತ ನೋಡುತ್ತಾರೆ. ಮೂಡುಬಿದಿರೆಯ ಗಾಡಿಗೆ ಕೆಎ 19, ಬಂಟ್ವಾಳಕ್ಕೆ ಕೆಎ 70, ಬೆಳ್ತಂಗಡಿಗೆ ಪುತ್ತೂರಿನ ಕೆಎ 21. ಪಕ್ಕಪಕ್ಕದ ಮೂರು ತಾಲೂಕು, ಮೂರು ನಂಬರು. ಯಾವ ನಂಬರಿಗೆ ಎಷ್ಟು ಕ್ಲೇಮು ಬಂದಿದೆ ಎಂಬ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತದೆ. ನಮ್ಮ ಮುಂದೆ ಇಡುವುದಿಲ್ಲ. ನನ್ನ ತಕರಾರು ಇರೋದು ಇಲ್ಲೇ. ಹಳೆ ಟ್ಯಾರಿಫ್ ಒರಟಾಗಿತ್ತು, ಆದರೆ ತೆರೆದ ಪುಸ್ತಕವಾಗಿತ್ತು. ಯಾರು ಬೇಕಾದರೂ ಕೂಡಿ ಕಳೆದು ನೋಡಬಹುದಿತ್ತು. ಈಗ ಮೊಬೈಲಿನಲ್ಲಿ ಒಂದು ಅಂಕಿ ಮೂಡುತ್ತದೆ, ಅದರ ಹಿಂದೆ ನೇತ್ರಾವತಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಊರಿನ ಅಪಾಯವನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರೆ ಏನಾಗುತ್ತೆ ಅನ್ನುವುದಕ್ಕೆ ಹೊರಗಿನ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಭಯಕ್ಕೆ 2023ರಲ್ಲಿ ಸ್ಟೇಟ್ ಫಾರ್ಮ್ ಎಂಬ ದೈತ್ಯ ಕಂಪನಿ ಹೊಸ ಮನೆ ಪಾಲಿಸಿ ಕೊಡುವುದನ್ನೇ ನಿಲ್ಲಿಸಿತು. ದುಡ್ಡು ಕೊಡುತ್ತೇನೆ ಅಂದರೂ ಪಾಲಿಸಿ ಇಲ್ಲ. ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. 2016ರಲ್ಲಿ ಫ್ಲಡ್ ರೀ ಎಂಬ ವ್ಯವಸ್ಥೆ ತಂದರು. ಎಲ್ಲ ವಿಮಾ ಕಂಪನಿಗಳಿಂದ ವಂತಿಗೆ ಎತ್ತಿ, ನೆರೆ ಬರುವ ಜಾಗದ ಹಳೆ ಮನೆಗಳಿಗೂ ಕೈಗೆಟುಕುವ ದರದಲ್ಲಿ ವಿಮೆ ಸಿಗುವಂತೆ ಮಾಡಿದರು. 2009ರಿಂದ ಈಚೆಗೆ ಕಟ್ಟಿದ ಮನೆಗೆ ಅದು ಸಿಗದು. ಅಪಾಯ ಗೊತ್ತಿದ್ದೂ ಹೊಳೆಬದಿಯಲ್ಲಿ ಹೊಸದಾಗಿ ಕಟ್ಟಿದರೆ ಅದು ನಿಮ್ಮ ಜವಾಬ್ದಾರಿ. ಬುದ್ಧಿವಂತಿಕೆಯ ಗೆರೆ ಅದು.

ನಮ್ಮಲ್ಲಿ? 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಇದೆ. ಸಾಮಾನ್ಯ ವಿಮಾ ಕಂಪನಿಗಳು ಇದನ್ನು ಒಂದೇ ಮಾದರಿಯಲ್ಲಿ ಕೊಡಬೇಕು. ಬೆಂಕಿ, ಸಿಡಿಲು, ನೆರೆ, ಭೂಕುಸಿತ ಎಲ್ಲ ಅದರಲ್ಲಿ ಬರುತ್ತದೆ. ಮನೆಗೆ ಮಾಡಿಸಿದ ಮೊತ್ತದ ಶೇ. 20ರಷ್ಟು, ಹತ್ತು ಲಕ್ಷದ ಮಿತಿಯಲ್ಲಿ, ಒಳಗಿನ ಸಾಮಾನಿಗೂ ತಾನಾಗಿ ಅನ್ವಯ. ಕಾಂಪೌಂಡು ಗೋಡೆ, ತಡೆಗೋಡೆ ಕೂಡ ಮನೆಯ ಲೆಕ್ಕದಲ್ಲೇ ಸೇರುತ್ತದೆ. ಬರೆ ಜರಿಯುವ ನಮ್ಮ ಊರುಗಳಿಗೆ ಇದಕ್ಕಿಂತ ಬೇಕಾದ್ದು ಇನ್ನೇನಿದೆ? ಸಾಮಾನ್ಯವಾಗಿ ಕಾರಿಗೆ ಕಟ್ಟುವುದಕ್ಕಿಂತ ಕಡಿಮೆ ಪ್ರೀಮಿಯಂ. ಹತ್ತು ಲಕ್ಷದ ಕಾರಿಗೆ ಬಂಪರ್ ಟು ಬಂಪರ್ ವಿಮೆ ಮಾಡಿಸುವವರು ಐವತ್ತು ಲಕ್ಷದ ಮನೆಗೆ ಒಂದು ಕಾಗದವನ್ನೂ ಮಾಡಿಸಿರುವುದಿಲ್ಲ. ಕಾರಣ ಸರಳ. ಕಾರಿಗೆ ಮಾಡಿಸದಿದ್ದರೆ ಪೊಲೀಸ್ ಹಿಡಿಯುತ್ತಾನೆ. ಮನೆಗೆ ಮಾಡಿಸದಿದ್ದರೆ ಯಾರೂ ಕೇಳೋದಿಲ್ಲ, ನೆರೆ ಒಂದನ್ನು ಬಿಟ್ಟು.

2019ರ ನೆರೆಯಲ್ಲಿ ರಾಜ್ಯ ಸರ್ಕಾರ ತುರ್ತು ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಒಳ್ಳೆಯದೇ. ಆದರೆ ಪ್ರಕೃತಿ ವಿಕೋಪದ ಪರಿಹಾರ ನಿಯಮದಲ್ಲಿ ಮನೆಗೆ ದುಡ್ಡಿದೆ, ದನಕ್ಕೆ ಇದೆ, ಬೆಳೆಗೆ ಇದೆ, ಮೀನುಗಾರನ ದೋಣಿ ಬಲೆಗೆ ಇದೆ. ಕೊಚ್ಚಿ ಹೋದ ಬೈಕಿಗೆ, ಕೆಸರು ತುಂಬಿದ ರಿಕ್ಷಾಕ್ಕೆ ಇಲ್ಲ. ಮನೆ ವಿಮೆಯೂ ವಾಹನವನ್ನು ಮುಟ್ಟುವುದಿಲ್ಲ, ಅದನ್ನು ಹೊರಗಿಟ್ಟೇ ಬರೆದಿದ್ದಾರೆ. ಬರೀ ಥರ್ಡ್ ಪಾರ್ಟಿ ಇರುವ ಗಾಡಿ ಮುಳುಗಿದರೆ ಕಂಪನಿಯೂ ಕೊಡುವುದಿಲ್ಲ. ಐದು ವರ್ಷ ದಾಟಿದ ಮೇಲೆ ‘ಫುಲ್ ಇನ್ಶೂರೆನ್ಸ್ ಯಾಕೆ, ಥರ್ಡ್ ಪಾರ್ಟಿ ಸಾಕು’ ಅನ್ನುವ ಮಾತು ಮೂಡುಬಿದಿರೆಯ ಗುಡ್ಡದ ಮೇಲೆ ಸರಿ ಇರಬಹುದು. ಪಾಣೆಮಂಗಳೂರಿನಲ್ಲಿ ಆ ಮಾತು ಹೇಳುವ ಮೊದಲು ಎರಡು ಸಲ ಯೋಚಿಸಬೇಕು, ಏಕೆಂದರೆ ಅಲ್ಲಿ ಉಳಿಯುವ ದುಡ್ಡು ಅಷ್ಟೇ, ಕಳೆಯುವುದು ತುಂಬಾ ಹೆಚ್ಚು. ದರ ಹೊಳೆಯನ್ನು ನೋಡದಿದ್ದಾಗ ಹೊಳೆಬದಿಯವನಿಗೆ ಲಾಭ. ಆ ಲಾಭವನ್ನು ಅವನೇ ಬಿಟ್ಟುಕೊಡುತ್ತಿದ್ದಾನೆ.

ಜನ ವಿಮೆ ಅಂದರೆ ದೂರ ಓಡುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇದೇ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ಸಂಪೂರ್ಣ ಸುರಕ್ಷಾ ಎಂಬ ಆರೋಗ್ಯ ವಿಮೆ ಶುರು ಮಾಡಿತು. ಸ್ವಸಹಾಯ ಸಂಘದ ಮೂಲಕ ಪ್ರೀಮಿಯಂ ಕಟ್ಟಿದ ಬೀಡಿ ಕಟ್ಟುವ ಹೆಂಗಸರಿಗೆ, ಕೂಲಿಯವರಿಗೆ ವಿಮೆ ಅಂದರೇನು ಎಂದು ಯಾರೂ ಉಪನ್ಯಾಸ ಮಾಡಬೇಕಾಗಿಲ್ಲ. ಅದೇ ಸಂಘದ ಪುಸ್ತಕದಲ್ಲಿ ಮನೆಯ ನೆರೆ ವಿಮೆಗೆ ಒಂದು ಕಾಲಮ್ಮು ಸೇರಿದರೆ ಕುಕ್ಕಾವಿನ ಮನೆಗೂ ಮಂಗಳೂರಿನ ಫ್ಲ್ಯಾಟಿಗೂ ಒಂದೇ ಬಗೆಯ ಪಾಲಿಸಿ ತಲುಪುತ್ತದೆ. ಯಾವ ಕಂಪನಿ, ಯಾವ ಸಹಕಾರಿ ಸಂಘ ಮುಂದೆ ಬರುತ್ತದೋ ಬರಲಿ.

ಕಾರ್ಯಕ್ರಮ ಮುಗಿಸುವ ಮೊದಲು ಒಂದು ಮಾತು, ಮಳೆಗಾಲದಲ್ಲಿ ನೋಡುತ್ತಿರುವವರಿಗೆ. ಕಾರಿಗೆ ನೀರು ನುಗ್ಗಿದರೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ನೀರು ತುಂಬಿದ ಎಂಜಿನ್ ಸ್ಟಾರ್ಟ್ ಮಾಡಿ ಒಡೆದುಹೋದರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿಲ್ಲದಿದ್ದರೆ, ಅದು ನೆರೆಯ ಹಾನಿ ಅಲ್ಲ, ನೀವು ಮಾಡಿಕೊಂಡದ್ದು ಅನ್ನುತ್ತದೆ ಕಂಪನಿ. ನೀರು ಇಳಿಯಲಿ. ನಿಂತ ಜಾಗದಲ್ಲೇ ನಾಲ್ಕು ಫೋಟೊ ತೆಗೆಯಿರಿ, ನಂಬರ್ ಪ್ಲೇಟೂ ನೀರಿನ ಗುರುತೂ ಒಂದೇ ಫೋಟೊದಲ್ಲಿ ಬರಲಿ, ಕಂಪನಿಗೆ ಫೋನ್ ಮಾಡಿ ತಿಳಿಸಿ, ಸರ್ವೇಯರ್ ನೋಡುವ ಮೊದಲು ಗಾಡಿ ಬಿಚ್ಚಲು ಬಿಡಬೇಡಿ. ಹಳೇ ಪೇಟೆಯವರು ಸಂಜೆಯ ಹೊತ್ತಿಗೆ ಹೊಳೆ ಏರುವುದು ಕಂಡರೆ ಗಾಡಿಯನ್ನು ಬಿ.ಸಿ. ರೋಡಿನ ಕಡೆ ಎತ್ತರದ ಜಾಗದಲ್ಲಿ ನಿಲ್ಲಿಸಿ ಬನ್ನಿ.